ಅತ್ತೆಯ ಚಳಿಗಾಲ, ನನ್ನ ಜೀವಭಯ

ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ತೀರುತ್ತಿತ್ತು. ದೀಪಾವಳಿಯ ಪಟಾಕಿ ಕಸ ಗುಡಿಸಿ ಮುಗಿಯುವಷ್ಟರಲ್ಲಿ ನನ್ನ ಎದೆ ಡವಡವ ಎನ್ನಲು ಶುರುಮಾಡುತ್ತಿತ್ತು. ನಾನು ಮೊದಲೇ ಪುಕ್ಕಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಚಾಮರಾಜಪೇಟೆಯ ಹೆಂಚಿನ ಮನೆಗೆ ಬಂದಾಗ ಅಲ್ಲಿ ಇದ್ದದ್ದು ನಮ್ಮವರು ಮತ್ತು ನಮ್ಮತ್ತೆ, ಇಬ್ಬರೇ. ಆಗಿನ ಬೆಂಗಳೂರಿನ ಚಳಿ ಈಗಿನ ಹಾಗಲ್ಲ. ಡಿಸೆಂಬರಿನಲ್ಲಿ ಬೆಳಗಾಗೆದ್ದು ಬಾಗಿಲು ತೆಗೆದರೆ ಮಂಜಿನಲ್ಲಿ ಪಕ್ಕದ ಮನೆ ಕಾಣುತ್ತಿರಲಿಲ್ಲ. ಪಕ್ಕದ ಮನೆಯಾಕೆಗೆ ಮಾತ್ರ ನಮ್ಮ ಮನೆ ಹೇಗೋ ಕಾಣುತ್ತಿತ್ತು.

ನಾನು ಬಂದ ಹೊಸತರಲ್ಲೇ ಆಕೆ ಕಾಂಪೌಂಡಿನ ಆಚೆಯಿಂದ ಮೆಲ್ಲಗೆ ಹೇಳಿದ್ದರು. "ನಿಮ್ಮತ್ತೆಗೆ ಚಳಿ ಆಗಲ್ಲ ಕಣಮ್ಮ, ಹುಷಾರಾಗಿ ನೋಡ್ಕೋ. ಹೆಚ್ಚುಕಡಿಮೆ ಆದ್ರೆ ಜನ ಸೊಸೇನೇ ಅನ್ನೋದು."

ಆ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅತ್ತೆ ಸೀನಿದರೆ ನನಗೆ ಜ್ವರ ಬಂದ ಹಾಗಾಗುತ್ತಿತ್ತು. ಅತ್ತೆಯೋ ಮಹಾ ಮಡಿಯವರು. ಪೂಜೆ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮೈಲಿಗೆ, ಮೈಲಿಗೆಯಾದರೆ ಇನ್ನೊಂದು ಸ್ನಾನ, ಅದೂ ತಣ್ಣೀರಲ್ಲಿ. ಯಮನಿಗೆ ಹೆದರದಿದ್ದರೂ ಮೈಲಿಗೆಗೆ ಹೆದರುವ ಹೆಂಗಸು ಅವರು.

ಬಾರದ ಘಾಟು

ಮೊದಲ ಚಳಿಗಾಲದ ಒಂದು ಸಂಜೆ. ಅತ್ತೆಗೆ ಬೆಚ್ಚಗಿರಲಿ ಎಂದು ನಮ್ಮವರು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕೆಂಡ ಸಮೇತ ನಡುಮನೆಗೆ ತಂದಿಟ್ಟರು. ಗಾಳಿ ಬರಬಾರದೆಂದು ಕಿಟಕಿ, ಬಾಗಿಲು ಎಲ್ಲ ಮುಚ್ಚಿ, ಸಂದಿಗೆ ನನ್ನ ಹಳೆ ಸೀರೆ ತುರುಕಿದರು. ಮೂವರೂ ಸುತ್ತ ಕೂತು ಅವರೇಕಾಳು ಹಿದುಕಿದೆವು.

ಸ್ವಲ್ಪ ಹೊತ್ತಿಗೆ ನನಗೆ ತಲೆ ಸಿಡಿಯತೊಡಗಿತು. ನಮ್ಮವರು ಗೋಡೆಗೊರಗಿ ತೂಕಡಿಸಿದರು. ಕರೆದರೆ "ಹೂಂ" ಎನ್ನುವುದಕ್ಕೂ ಶಕ್ತಿಯಿಲ್ಲ. ನನಗೆ ಕೈಕಾಲು ಬಿದ್ದುಹೋದ ಹಾಗಿತ್ತು, ಏಳಲಾಗಲಿಲ್ಲ. ಮುಚ್ಚಿದ ಮನೆಯಲ್ಲಿ ಕೆಂಡದ ಗಾಳಿ ವಿಷ ಎಂದು ಆಗ ನಮಗೆ ಯಾರಿಗೂ ತಿಳಿದಿರಲಿಲ್ಲ.

"ಇದು ದೃಷ್ಟೀನೇ," ಎಂದರು ಅತ್ತೆ. ಗೋಡೆ ಹಿಡಿದು ಎದ್ದು, ಒಂದು ಹಿಡಿ ಒಣಮೆಣಸಿನಕಾಯಿ, ಉಪ್ಪು ತಂದು ಇಬ್ಬರಿಗೂ ನಿವಾಳಿಸಿ ಕೆಂಡಕ್ಕೆ ಹಾಕಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟೇ ಬರುವುದಿಲ್ಲ ಎಂಬುದು ಅವರ ನಂಬಿಕೆ. ಅವತ್ತು ಬಂದ ಘಾಟಿಗೆ ಸತ್ತವರೂ ಎದ್ದು ಕೂರಬೇಕು. ನಮ್ಮವರು ಸೀನುತ್ತ ಎದ್ದು ಬಾಗಿಲು ಒದ್ದು ತೆಗೆದರು. ಮೂವರೂ ಬೀದಿಗೆ ಬಿದ್ದು ಕೆಮ್ಮಿದೆವು. ಹೊರಗಿನ ಗಾಳಿ ಕುಡಿದ ಮೇಲೇ ನಮಗೆ ಜೀವ ಬಂದದ್ದು.

ಅತ್ತೆ ಕಣ್ಣಿಂದ ಮೂಗಿಂದ ನೀರು ಸುರಿಸುತ್ತ, ಉಸಿರು ಸಿಗದೆ, ನನಗೆ ಹೇಳಿದರು. "ನೋಡಿದ್ಯಾ, ಒಂಚೂರೂ ಘಾಟು ಬರ್ಲಿಲ್ಲ. ಎಂಥಾ ಕೆಟ್ಟ ಕಣ್ಣೋ."

ಮಂಜಿನಲ್ಲಿ ಅಮ್ಮ

ಮರುವರ್ಷ ಧನುರ್ಮಾಸಕ್ಕೆ ಅತ್ತೆಗೆ ಬಸವನಗುಡಿಯ ದೇವಸ್ಥಾನಕ್ಕೆ ಬೆಳಗಿನ ಜಾವವೇ ಹೋಗಬೇಕೆನ್ನಿಸಿತು. ನಡೆದರೆ ಚಳಿಯಲ್ಲಿ ಎಲ್ಲಿ ಬೀಳುತ್ತಾರೋ ಎಂದು ನಾನೇ ನಮ್ಮವರ ಸ್ಕೂಟರಿನಲ್ಲಿ ಕಳಿಸಿದೆ. ಅತ್ತೆ ಆಗಲೇ ಸ್ನಾನ ಮಾಡಿ ಮಡಿಯಲ್ಲಿದ್ದರು. ಮಗನಿಗೆ ಸ್ನಾನವಾಗಿರಲಿಲ್ಲ. ಉಣ್ಣೆಗೆ ಮೈಲಿಗೆ ಇಲ್ಲವೆಂದು ಸೀಟಿನ ಮೇಲೆ ಧಾಬಳಿ ಹಾಸಿಕೊಂಡು ಕೂತರೇ ಹೊರತು ಮಗನನ್ನು ಹಿಡಿದುಕೊಳ್ಳಲಿಲ್ಲ. ಹಿಂದಿನ ಸ್ಟೆಪ್ನಿಯನ್ನು ಹಿಡಿದರು. ನಮ್ಮವರ ತಲೆಗೆ ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು. ಪಕ್ಕದಲ್ಲಿ ಲಾರಿ ಹಾರ್ನ್ ಹೊಡೆದರೂ ಕೇಳಿಸುವ ಹಾಗಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ರಾಮಜಪ ಶುರುಮಾಡಿದೆ.

ಸ್ವಲ್ಪ ಹೊತ್ತಿಗೇ ಸ್ಕೂಟರು ವಾಪಸು ಬಂತು. ಸೀಟಿನ ಮೇಲೆ ಧಾಬಳಿ ಇತ್ತು. ಅತ್ತೆ ಇರಲಿಲ್ಲ.

"ಅಮ್ಮ ಬಂದ್ರಾ?" ಎಂದರು ನಮ್ಮವರು. ಮುಖದಲ್ಲಿ ರಕ್ತವಿಲ್ಲ. "ದಾರೀಲೆಲ್ಲಾ ಮಾತಾಡ್ಕೊಂಡೇ ಹೋದೆ. ದೇವಸ್ಥಾನದ ಹತ್ರ ತಿರುಗಿ ನೋಡಿದ್ರೆ ಇಲ್ಲ."

"ಇಳಿದಿದ್ದು ಗೊತ್ತಾಗ್ಲಿಲ್ವಾ?"

"ಚಳಿಗೆ ಸೊಂಟದಿಂದ ಕೆಳಗೆ ಏನೂ ಗೊತ್ತಾಗ್ತಿರ್ಲಿಲ್ಲ ಕಣೇ."

ಯಾವ ಬಸ್ಸಿನ ಕೆಳಗೆ, ಯಾವ ಮೋರಿಯಲ್ಲಿ ಎಂದು ನನಗೆ ಏನೇನೋ ಯೋಚನೆ ಬಂತು. ಇಬ್ಬರೂ ಆ ಮಂಜಿನಲ್ಲಿ "ಅಮ್ಮಾ, ಅಮ್ಮಾ" ಎಂದು ಕೂಗುತ್ತ ರಸ್ತೆಯುದ್ದಕ್ಕೂ ನಡೆದೆವು. ಒಂದು ಮನೆಯ ಒಳಗಿನಿಂದ ಉತ್ತರ ಬಂತು. "ಇಷ್ಟು ಬೇಗ ಅಡುಗೆ ಏನೂ ಆಗಿಲ್ಲ, ಮುಂದಕ್ಕೆ ಹೋಗಪ್ಪಾ."

ಅಳುತ್ತ ದೇವಸ್ಥಾನ ತಲುಪಿದರೆ ಅತ್ತೆ ಪ್ರಾಕಾರದಲ್ಲಿ ಕೂತು ದೊನ್ನೆಯಲ್ಲಿ ಹುಗ್ಗಿ ತಿನ್ನುತ್ತಿದ್ದರು. ದಾರಿಯಲ್ಲಿ ಹಸು ಅಡ್ಡ ಬಂದು ಸ್ಕೂಟರು ನಿಂತಾಗ, ಬಾಲ ಮುಟ್ಟಿ ನಮಸ್ಕಾರ ಮಾಡೋಣವೆಂದು ಇಳಿದಿದ್ದರಂತೆ. ಅಷ್ಟರಲ್ಲಿ ಮಗ ಹೊರಟುಹೋಗಿದ್ದ. ಗಲ್ಲಿಯಲ್ಲಿ ಒಳದಾರಿ ಹಿಡಿದು ನಡೆದು ಬಂದಿದ್ದರು.

ಮಗನನ್ನು ಮೇಲಿಂದ ಕೆಳಗೆ ನೋಡಿ ಅತ್ತೆ ಹೇಳಿದರು. "ಎಲ್ಲಿ ಕಳೆದುಹೋಗಿದ್ಯೋ? ಇನ್ಮೇಲೆ ಮಂಜಲ್ಲಿ ಒಬ್ಬನೇ ಎಲ್ಲೂ ಹೋಗ್ಬೇಡ."

ಕರೆಂಟಿನ ಮಡಿ

ಆ ನಡಿಗೆಯ ಥಂಡಿ ಅತ್ತೆಯ ಎದೆಗಿಳಿಯಿತು. ಡಾಕ್ಟರು ಖಡಾಖಂಡಿತವಾಗಿ ಹೇಳಿದರು. "ಇನ್ನೊಂದು ತಣ್ಣೀರು ಸ್ನಾನ ಆದ್ರೆ ನನ್ನ ಹತ್ರ ಬರ್ಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ." ಸೌದೆ ಒಲೆಯ ಹೊಗೆಯೂ ಕೂಡದಂತೆ. ನಮ್ಮವರು ಮಾಮೂಲ್‌ಪೇಟೆಗೆ ಹೋಗಿ ನೀರು ಕಾಯಿಸುವ ಕರೆಂಟ್ ರಾಡು ತಂದರು. ಅದನ್ನು ನೋಡಿದ ದಿನದಿಂದ ನನ್ನ ನಿದ್ದೆ ಹೋಯಿತು.

ಅತ್ತೆ ವಿಚಾರಣೆ ನಡೆಸಿದರು. "ಈ ಕರೆಂಟು ಎಲ್ಲಿಂದ ಬರತ್ತೆ?"

"ಬೀದಿ ಕಂಬದಿಂದ," ಎಂದೆ.

"ಕಂಬಕ್ಕೆ ನಾಯಿ ಏನು ಮಾಡತ್ತೆ, ನೋಡಿದ್ದೀಯಲ್ಲ?"

ಮರುದಿನ ಬೆಳಗಿನ ಜಾವ ಬಚ್ಚಲ ಕಡೆಯಿಂದ ಮಂತ್ರ ಕೇಳಿಸಿತು. ಹೋಗಿ ನೋಡಿದರೆ ಅತ್ತೆ ಒದ್ದೆ ಸೀರೆಯಲ್ಲಿ ನಿಂತು, ಪಂಚಪಾತ್ರೆಯ ನೀರನ್ನು ತುಳಸಿದಳದಿಂದ ಸ್ವಿಚ್ಚಿನ ಮೇಲೆ ಪ್ರೋಕ್ಷಣೆ ಮಾಡುತ್ತಿದ್ದರು. ನಾನು ಕೂಗುವ ಮೊದಲೇ ಚಟಪಟ ಎಂದು ನೀಲಿ ಬೆಳಕು ಹಾರಿ ಮನೆಯ ಫ್ಯೂಸೆಲ್ಲ ಹೋಯಿತು. ಕತ್ತಲಲ್ಲಿ ಅತ್ತೆಯ ದನಿ ಬಂತು. "ನೋಡಿದ್ಯಾ, ಎಷ್ಟು ಮೈಲಿಗೆ ತುಂಬ್ಕೊಂಡಿತ್ತು."

ಕೊನೆಗೆ ಭಯವೇ ಬುದ್ಧಿ ಕೊಟ್ಟಿತು. ದೇವರಮನೆಯಲ್ಲಿ ಮಡಿಕೋಲು ಇತ್ತು. ಒಗೆದ ಮಡಿಬಟ್ಟೆಯನ್ನು ಕೈ ತಾಗಿಸದೆ ಮೇಲಿನ ಗಳುವಿಗೆ ಹಾಕಿ ತೆಗೆಯುವ ಉದ್ದನೆಯ ಒಣ ಬಿದಿರು. "ಅತ್ತೆ, ಇದ್ರಲ್ಲಿ ಸ್ವಿಚ್ ಒತ್ತಿ. ಕೋಲೂ ಮಡಿ, ನೀವೂ ಮಡಿ. ನೀರು ಮಾತ್ರ ಚಿಮುಕಿಸ್ಬೇಡಿ," ಎಂದು ಕೈಮುಗಿದೆ. ಅತ್ತೆ ಒಪ್ಪಿದರು. ಕ್ರಮೇಣ ಅಂಗಳದಲ್ಲಿ ನಿಂತೇ ಗುರಿಯಿಟ್ಟು ಸ್ವಿಚ್ ಆರಿಸುವಷ್ಟು ಪಳಗಿದರು. ನಾನು ದಿನಾ ಬೆಳಿಗ್ಗೆ ಸುಪ್ರಭಾತದ ಹಾಗೆ ಹೇಳುತ್ತಿದ್ದೆ. "ಸ್ವಿಚ್ ಆರಿಸ್ದೆ ನೀರು ಮುಟ್ಬೇಡಿ."

ಹೀಗೆ ಎರಡು ಚಳಿಗಾಲ ಕಳೆಯಿತು. ಒಂದು ದಿನ ನಿದ್ದೆಗಣ್ಣಲ್ಲಿ ನಮ್ಮವರಿಗೆ ನೀರು ಕಾದಿದೆಯೇ ಎಂದು ನಾನೇ ಬಕೆಟ್ಟಿಗೆ ಬೆರಳದ್ದಿದೆ. ರಾಡು ಉರಿಯುತ್ತಲೇ ಇತ್ತು.

ಕೈಯನ್ನು ಯಾರೋ ಒಳಗೆ ಹಿಡಿದು ಜಗ್ಗಿದ ಹಾಗಾಯಿತು. ಬಿಡಿಸಿಕೊಳ್ಳಲು ಆಗದು, ಕೂಗಲು ದನಿಯಿಲ್ಲ. ಇಷ್ಟೇ ನನ್ನ ಆಯಸ್ಸು ಎಂದುಕೊಂಡೆ. ಅಷ್ಟರಲ್ಲಿ ಮಡಿಕೋಲು ಬಂತು. ಒಂದು ಏಟು ಸ್ವಿಚ್ಚಿಗೆ ಬಿತ್ತು, ಇನ್ನೊಂದು ನನ್ನ ಕೈಗೆ. ನಾನು ಬಚ್ಚಲ ಬಾಗಿಲಲ್ಲೇ ನೆಲಕ್ಕೆ ಬಿದ್ದು ಗೊಳೋ ಎಂದು ಅಳತೊಡಗಿದೆ.

ಅತ್ತೆ ಓಡಿಬಂದು ನನ್ನನ್ನು ತಬ್ಬಿಕೊಂಡು ಅಂಗೈ ಉಜ್ಜತೊಡಗಿದರು.

"ಅತ್ತೆ, ನಿಮ್ಮ ಮಡಿ..." ಎಂದೆ.

"ಸುಡ್ಲಿ ಮಡಿ. ನಿಂಗೇನಾದ್ರೂ ಆಗಿದ್ರೆ? ನೀನು ಬಂದ ಹೊಸದ್ರಲ್ಲೇ ಪಕ್ಕದ ಮನೆಯವಳು ನಂಗೆ ಹೇಳಿದ್ಲು. ಹುಡುಗಿ ಪುಕ್ಕಲು, ಹುಷಾರಾಗಿ ನೋಡ್ಕೊಳ್ಳಿ, ಹೆಚ್ಚುಕಡಿಮೆ ಆದ್ರೆ ಜನ ಅತ್ತೇನೇ ಅನ್ನೋದು ಅಂತ. ಅವತ್ತಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ ಕಣೇ."

ಇಷ್ಟು ವರ್ಷ ಒಂದೇ ಸೂರಿನಡಿ ಇಬ್ಬರೂ ಒಂದೇ ಹೆದರಿಕೆಯಲ್ಲಿ ಬದುಕಿದ್ದೆವು. ನನಗೆ ಅಳು ಇನ್ನೂ ಜೋರಾಯಿತು, ಅತ್ತೆಯೂ ಅತ್ತರು. ಆಗಲೇ ಮಂಜು ಸ್ವಲ್ಪ ಸರಿದು ಕಾಂಪೌಂಡಿನ ಮೇಲೆ ಪಕ್ಕದ ಮನೆಯಾಕೆಯ ತಲೆ ಮೂಡಿತು.

"ಏನ್ರೀ ಅದು, ಏಟು ಬಿದ್ದ ಸದ್ದು?"

ಅತ್ತೆ ಕೋಲನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಅದು ಅವರ ತಲೆಗಿಂತ ಎರಡು ಮೊಳ ಎತ್ತರ ಕಾಣುತ್ತಿತ್ತು. "ಏನಿಲ್ಲ, ಸ್ವಿಚ್ ಆರಿಸ್ತಿದ್ದೆ," ಎಂದರು.

ಆಕೆ ನೆಲದ ಮೇಲೆ ಅಳುತ್ತಿದ್ದ ನನ್ನನ್ನು ನೋಡಿದರು. ಕೈಮೇಲಿನ ಕೆಂಪು ಬರೆ ನೋಡಿದರು. ಮರುಕ್ಷಣ ಮಾಯವಾದರು.

ಸಂಜೆ ಹೂವಿನವಳು ಮೊಳ ಹಾಕುತ್ತ ಬೀದಿಯ ಅಭಿಪ್ರಾಯ ತಿಳಿಸಿದಳು. "ಎಲ್ರಿಗೂ ತುಂಬಾ ಬೇಜಾರಾಗಿದೆ ಕಣಮ್ಮ. ಸೊಸೆ ಅಂದ್ಮೇಲೆ ಹೊಡೀಲಿ, ಅದು ಬೇರೆ. ಅಷ್ಟು ಮಡಿಯವರಾಗಿ, ಮಡಿಕೋಲಲ್ಲೇ ಹೊಡೆಯೋದಾ?"