ಸಾಹೇಬರ ಹದಿನಾಲ್ಕು ಕೋಲು

ಕೋಲಿಗೆ ತಲೆ ಯಾವುದು, ಬುಡ ಯಾವುದು ಎಂಬ ಪ್ರಶ್ನೆ ಪಾಲಣ್ಣನಿಗೆ ಹುಟ್ಟಿದ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಬಂದದ್ದು ಎಂಬತ್ತೆರಡನೆಯ ಇಸವಿಯ ಒಂದು ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ಜೀಪಿನಲ್ಲಿ.

ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದೆ, ದೊಡ್ಡ ಆಫೀಸಿನ ಎದುರಿನ ಬಯಲಿನಲ್ಲಿ ಅವನದೊಂದು ಪೆಟ್ಟಿಗೆ ಅಂಗಡಿ. ಆ ಆಫೀಸು ಯಾವ ಇಲಾಖೆಯದು ಎಂದು ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಕಟ್ಟಡ ದೊಡ್ಡದು, ಹೆಸರಿಗೆ ಅಷ್ಟು ಸಾಕಾಗಿತ್ತು. ಪಾಲಣ್ಣನ ಕಸುಬು ಮಾತ್ರ ಎಲ್ಲರಿಗೂ ಗೊತ್ತು. ಹೊಸ ಸೈಕಲ್ಲಿಗೆ ನವಿಲು, ಮದುವೆಯ ಟ್ರಂಕಿಗೆ ಗುಲಾಬಿ, ಪಂಪ್‌ಸೆಟ್ಟಿಗೆ ನಂದಿ ಅಂಟಿಸಿಕೊಡುವುದು. ಚಿತ್ರದ ಚೀಟಿಯನ್ನು ಬಟ್ಟಲು ನೀರಿನಲ್ಲಿ ನೆನೆಸಿ, ಕಾಗದ ಬಿಟ್ಟುಕೊಳ್ಳುವ ಹೊತ್ತಿಗೆ ಸರಿಯಾಗಿ ಜಾರಿಸಿ, ಬಟ್ಟೆಯಿಂದ ಒತ್ತಿ ಕೂರಿಸಿದನೆಂದರೆ ಸೈಕಲ್ಲು ಗುಜರಿಗೆ ಹೋದರೂ ನವಿಲು ಹೋಗುತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ಚಿತ್ರವನ್ನೂ ತಲೆಕೆಳಗಾಗಿ ಅಂಟಿಸಿದವನಲ್ಲ. ಈ ಮಾತನ್ನು ಅವನು ತಾನಾಗಿಯೇ, ಯಾರೂ ಕೇಳದಿದ್ದರೂ, ಗಿರಾಕಿಗಳಿಗೆ ಹೇಳುತ್ತಿದ್ದ.

ಒಂದು ವಾರದ ಹಿಂದೆ ದೊಡ್ಡ ಆಫೀಸಿನಿಂದ ಆ ಬಯಲಿನ ಮೂರೂ ಅಂಗಡಿಗಳಿಗೆ ನೋಟೀಸು ಬಂದಿತ್ತು. ಎಂಟು ದಿನದೊಳಗೆ ಜಾಗ ತೆರವು ಮಾಡಬೇಕು. ಪಾಲಣ್ಣನದು ಒಂದು, ಬೆನಕಪ್ಪನ ಚಹಾದಂಗಡಿ ಒಂದು, ಬಾಳೆಹಣ್ಣು ನಿಂಬೆಹಣ್ಣು ಮಾರುವ ಕಸ್ತೂರಮ್ಮನದು ಇನ್ನೊಂದು. ಎಂಟನೆಯ ದಿನ ನಾಳೆ. ಮೂವರೂ ವಾರವೆಲ್ಲ ಕೂತು ಯೋಚಿಸಿದ್ದರು. ಯೋಚನೆಯಿಂದ ಬೆನಕಪ್ಪನ ಚಹಾ ಖರ್ಚಾಯಿತೇ ಹೊರತು ಬೇರೇನೂ ಆಗಲಿಲ್ಲ.

ಹೀಗಿರುವಾಗ ಆಫೀಸಿನ ಜೀಪು ಬಂದು ಪಾಲಣ್ಣನ ಅಂಗಡಿಯ ಮುಂದೆಯೇ ನಿಂತಿತು. ಸಾಮಾನು ಹೊರಗೆ ಎಸೆಯುವುದಕ್ಕೆ ಬಂದರೆಂದು ಅವನು ಮೊದಲು ನೀರಿನ ಬಟ್ಟಲನ್ನು ಎದೆಗವಚಿಕೊಂಡ. ಇಳಿದವನು ಡ್ರೈವರ್ ಜಯಪ್ಪ ಒಬ್ಬನೇ. ಅವನು ಸೊಂಟದೆತ್ತರದ ಚರ್ಮದ ಚೀಲವೊಂದನ್ನು ಹೊತ್ತು ತಂದು ಹಲಗೆಗೆ ಒರಗಿಸಿದ. ಚೀಲದ ಬಾಯಿಂದ ಹದಿನಾಲ್ಕು ಕೋಲು ತಲೆ ಹೊರಗೆ ಹಾಕಿದ್ದವು. ಕೆಲವಕ್ಕೆ ಕಬ್ಬಿಣದ ಸೊಟ್ಟ ಮೂತಿ, ಮೂರು ನಾಲ್ಕಕ್ಕೆ ಮರದ ಗಡ್ಡೆ.

ಜೊತೆಗೆ ಒಂದು ಲಕೋಟೆ. ಅದರಲ್ಲಿ ಹದಿನಾಲ್ಕು ಚಿತ್ರದ ಚೀಟಿ. ಹೆಬ್ಬೆರಳುದ್ದದ ಹುಲಿ, ಎರಡು ಕಾಲಿನ ಮೇಲೆ ನಿಂತದ್ದು, ಕೆಳಗೆ ಆಫೀಸಿನ ಸಾಹೇಬರ ಹೆಸರು ಇಂಗ್ಲಿಷಿನಲ್ಲಿ. ಹುಲಿ ಅವರ ಮನೆತನದ ಗುರುತಂತೆ. ಚೀಟಿಗಳನ್ನು ಮದ್ರಾಸಿನಿಂದ ತರಿಸಿದ್ದಾರಂತೆ. ಸಾಹೇಬರು ಜಗಳೂರಿಗೆ ಕ್ಯಾಂಪು ಹೋಗಿದ್ದಾರೆ, ಸಂಜೆ ಐದಕ್ಕೆ ಬರುತ್ತಾರೆ, ಅಷ್ಟರೊಳಗೆ ಕೋಲಿಗೊಂದರಂತೆ ಅಂಟಿಸಿ ಇಟ್ಟಿರಬೇಕು ಎಂದು ಜಯಪ್ಪ ಒಪ್ಪಿಸಿದ.

"ಇವು ಏನಕ್ಕೆ ಬರ್ತಾವ್ರಿ ಜಯಪ್ಪಣ್ಣ?" ಎಂದು ಪಾಲಣ್ಣ ಕೇಳಿದ.

"ಅದನ್ನ ಕೇಳಾಕೆ ಹೋದ್ರೆ ನನ್ನ ಕೆಲ್ಸ ಉಳಿತದೇನಪ್ಪ? ಕೆಲಸ ಗೊತ್ತಿದ್ದೋನಿಗೆ ಕೊಡು ಅಂದ್ರು, ಕೊಟ್ಟೀನಿ. ಸಾಹೇಬ್ರಿಗೆ ಮನಸ್ಸಿಗೆ ಬಂತು ಅಂದ್ರೆ ನಿಮ್ಮ ನೋಟೀಸಿನ ಮಾತು ನಾನೇ ತೆಗಿತೀನಿ."

ಜೀಪು ಹೋಯಿತು. ಕೊನೆಯ ಮಾತು ಮೂರು ಅಂಗಡಿಗೂ ಕೇಳಿಸಿತ್ತು. ಬೆನಕಪ್ಪ ಒಲೆಯ ಮೇಲೆ ಚಹಾ ಬಿಟ್ಟು ಬಂದ. ಕಸ್ತೂರಮ್ಮ ಹಣ್ಣಿನ ಬುಟ್ಟಿಗೆ ಗೋಣಿ ಮುಚ್ಚಿ ಬಂದಳು. ಅಂದು ಸಂಜೆಯವರೆಗೆ ಅವರಿಬ್ಬರೂ ತಮ್ಮ ಅಂಗಡಿಯಲ್ಲಿ ಕೂತದ್ದಕ್ಕಿಂತ ಪಾಲಣ್ಣನ ತಲೆಯ ಮೇಲೆ ಕೂತದ್ದೇ ಹೆಚ್ಚು.

ಪಾಲಣ್ಣ ಒಂದು ಕೋಲು ಹೊರತೆಗೆದು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. ಒಳ್ಳೆಯ ಉಕ್ಕಿನ ಕೊಳವೆ, ಚಿತ್ರ ಸೊಗಸಾಗಿ ಕೂರುತ್ತದೆ. ಒಂದು ಚೀಟಿ ನೆನೆಹಾಕಿದ. ಕಾಗದ ಬಿಟ್ಟುಕೊಂಡಿತು. ಹುಲಿಯನ್ನು ಬೆರಳ ತುದಿಗೆ ತಂದುಕೊಂಡು ಕೋಲಿನ ಹತ್ತಿರ ಒಯ್ದವನು ಅಲ್ಲೇ ನಿಂತ. ಹುಲಿಗೆ ತಲೆ ಯಾವುದೆಂದು ಸ್ಪಷ್ಟವಿತ್ತು. ಕೋಲಿಗೆ ಯಾವುದು? ಸೊಟ್ಟ ಮೂತಿಯ ತುದಿಯೋ, ರಬ್ಬರು ಸುತ್ತಿದ ತುದಿಯೋ? ನೀರು ತೊಟ್ಟಿಕ್ಕುವ ಹುಲಿಯನ್ನು ಹಿಡಿದುಕೊಂಡು ಅವನು ಕೋಲನ್ನು ಹೀಗೆ ತಿರುಗಿಸಿದ, ಹಾಗೆ ತಿರುಗಿಸಿದ, ಮತ್ತೆ ಹೀಗೆ ತಿರುಗಿಸಿದ. ಕೊನೆಗೆ ಹುಲಿಯನ್ನು ವಾಪಸ್ಸು ಬಟ್ಟಲಿಗೆ ಬಿಟ್ಟ.

ಕಸ್ತೂರಮ್ಮ ಮರದ ಗಡ್ಡೆಯ ಕೋಲೊಂದನ್ನು ಎತ್ತಿ ನೋಡಿ, ಇದು ಮುದ್ದೆ ತೊಳಸುವ ಕೋಲು, ಸಾಹೇಬರ ಮನೆಯಲ್ಲಿ ಜನ ಬಹಳ ಇರಬೇಕು, ಗಡ್ಡೆ ಪಾತ್ರೆಯೊಳಗೆ ಹೋಗುತ್ತದೆ, ಹಾಗಾಗಿ ಅದೇ ಬುಡ ಎಂದಳು. ಬೆನಕಪ್ಪ ಅದನ್ನು ತಳ್ಳಿಹಾಕಿದ. ಕೋಲೊಂದನ್ನು ತೆಗೆದುಕೊಂಡು, ಸೊಟ್ಟ ಮೂತಿಯನ್ನು ಮುಷ್ಟಿಯಲ್ಲಿ ಹಿಡಿದು, ರಬ್ಬರಿನ ತುದಿಯನ್ನು ನೆಲಕ್ಕೂರಿ, ಸೊಂಟ ಬಗ್ಗಿಸಿಕೊಂಡು ಚಹಾದಂಗಡಿಯವರೆಗೆ ನಡೆದು ಹೋದ. ಒಲೆ ಸಣ್ಣದು ಮಾಡಿ ಹಾಗೆಯೇ ನಡೆದು ವಾಪಸ್ಸು ಬಂದ.

"ಊರುಗೋಲು ಕಣೋ ಇದು. ಹಿಡಿ ಮ್ಯಾಲೆ, ಜಾರಬಾರ್ದು ಅಂತ ರಬ್ಬರು ಕೆಳಗೆ. ನಮ್ಮಜ್ಜನ ಕೋಲಿಗೂ ಹಿಂಗೇ ಇತ್ತು. ಚೀಲದಾಗೂ ಹಿಡಿ ಮ್ಯಾಲೇ ಇತ್ತಲ್ಲ, ನೋಡ್ಲಿಲ್ಲೇನು?"

ಒಬ್ಬ ಸಾಹೇಬರಿಗೆ ಹದಿನಾಲ್ಕು ಊರುಗೋಲು ಯಾಕೆ ಎಂದು ಪಾಲಣ್ಣ ಕೇಳಿದ. ಬೆನಕಪ್ಪ ಅದಕ್ಕೂ ತಯಾರಾಗಿದ್ದ. ಕೋಲುಗಳನ್ನು ಹಲಗೆಗೆ ಸಾಲಾಗಿ ಒರಗಿಸಿ ತೋರಿಸಿದ. ಒಂದಕ್ಕಿಂತ ಒಂದು ಗಿಡ್ಡ. ಸಾಹೇಬರ ಮನೆತನದಲ್ಲಿ ಮಂಡಿ ನೋವು ಇರಬೇಕು, ಅವರವರ ಎತ್ತರಕ್ಕೆ ತಕ್ಕಂತೆ ಮಾಡಿಸಿದ್ದಾರೆ, ಉದ್ದನೆಯದು ಸಾಹೇಬರದು, ಕಟ್ಟಕಡೆಯ ಈ ಮೋಟು ಅವರ ತಾಯಿಯದು. ಇಷ್ಟು ವಿವರವಾಗಿ ಹೇಳಿದ ಮೇಲೆ ನಂಬದಿರುವುದು ಪಾಲಣ್ಣನಿಗೆ ಕಷ್ಟವಾಯಿತು. ಸಾಹೇಬರ ತಾಯಿಯ ಮೇಲೆ ಅವನಿಗೆ ಮರುಕ ಕೂಡ ಹುಟ್ಟಿತು.

ಹನ್ನೊಂದರ ಹೊತ್ತಿಗೆ ಅವನು ಕೆಲಸಕ್ಕೆ ಕೈಹಚ್ಚಿದ. ಹಿಡಿ ಮೇಲೆ, ರಬ್ಬರು ಕೆಳಗೆ, ಹಿಡಿಯ ಪಕ್ಕದಲ್ಲೇ ಹುಲಿ ಅದಕ್ಕೆ ಸರಿಯಾಗಿ. ಮೊದಲು ಉದ್ದನೆಯ ಏಳು ಕೋಲು ಮುಗಿಸಿ, ಬಿಸಿಲಿಗೊಡ್ಡಿ, ಒಣಗಿದ ಮೇಲೆ ಒಂದು ಕೈ ವಾರ್ನಿಷು ಬಳಿದ. ಊಟ ಮಾಡಿ ಬಂದು ಗಿಡ್ಡನೆಯ ಏಳಕ್ಕೂ ಅಂಟಿಸಿದ. ಹದಿನಾಲ್ಕು ಹುಲಿ ಸಾಲಾಗಿ ನಿಂತವು. ಕಸ್ತೂರಮ್ಮ ದೃಷ್ಟಿಯಾಗದಿರಲಿ ಎಂದು ಒಂದು ನಿಂಬೆಹಣ್ಣು ತಂದು ಅವುಗಳ ಮುಂದೆ ಇಟ್ಟಳು. ಪಾಲಣ್ಣ ಕೈ ಒರೆಸಿಕೊಂಡ. ಅಂಗಡಿ ಉಳಿಯಿತು ಎಂದೇ ಅವನು ಅಂದುಕೊಂಡ.

ಮೂರು ಗಂಟೆಗೆ ನ್ಯಾಮತಿಯ ಬಸ್ಸಿನಿಂದ ಧರ್ಮಪ್ಪ ಇಳಿದ. ಇವನು ಮಿಲಿಟರಿಯಲ್ಲಿ ಅಡುಗೆ ಮಾಡಿ ನಿವೃತ್ತನಾದವನು, ಆರು ವರ್ಷ ಊಟಿಯ ಕಡೆ ಇದ್ದವನು. ಬೆನಕಪ್ಪನಲ್ಲಿ ಚಹಾ ಕುಡಿಯಲು ಬಂದು ಕೋಲುಗಳನ್ನು ನೋಡಿದ. ಹತ್ತಿರ ಹೋಗಿ ಹುಲಿಗಳನ್ನು ನೋಡಿದ. ಆಮೇಲೆ ಹಲಗೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಮೂವರೂ ಅವನ ನಗು ಮುಗಿಯುವವರೆಗೆ ಕಾದರು.

"ಇದು ಗಾಲ್ಫ್ ಕೋಲು ಕಣ್ರಪ್ಪಾ. ದೊಡ್ಡ ದೊಡ್ಡ ಆಫೀಸರು ಚೆಂಡು ಹೊಡಿಯಾಕೆ ಇಟ್ಕೊಂಡಿರ್ತಾರೆ. ರಬ್ಬರು ಕೈಯಾಗೆ ಹಿಡಿಯಾದು, ಮೂತಿ ಕೆಳಗೆ. ನಿಮ್ಮ ಹುಲಿಗಳು ಎಲ್ಲಾ ಶೀರ್ಷಾಸನ ಹಾಕ್ಯಾವೆ."

ಬೆನಕಪ್ಪ ಒಪ್ಪಲಿಲ್ಲ. ಚೆಂಡು ಹೊಡೆಯಲು ಒಂದು ಕೋಲು ಸಾಕು, ಹದಿನಾಲ್ಕು ಯಾಕೆ ಎಂದು, ಪಾಲಣ್ಣನದೇ ಪ್ರಶ್ನೆಯನ್ನು ತನ್ನದು ಮಾಡಿಕೊಂಡು ಕೇಳಿದ. ಧರ್ಮಪ್ಪ ಬಾಯಿಮಾತು ಬೇಡವೆಂದು ಎದ್ದ. ದೃಷ್ಟಿಗಿಟ್ಟ ನಿಂಬೆಹಣ್ಣನ್ನು ನೆಲದ ಮೇಲಿಟ್ಟ. ಇನ್ನೂ ಹಸಿಯಾದ ಚಿತ್ರಗಳನ್ನು ಬಿಟ್ಟು, ಒಣಗಿದ ಉದ್ದನೆಯ ಕೋಲೊಂದನ್ನು ತೆಗೆದುಕೊಂಡು, ಕಾಲು ಅಗಲಿಸಿ ನಿಂತು, ಬೀಸಿದ. ಹಣ್ಣು ಒಡೆದು, ಗಾಳಿಯಲ್ಲಿ ಹಾರಿ, ಬೆನಕಪ್ಪನ ಹಾಲಿನ ಪಾತ್ರೆಯಲ್ಲಿ ಬಿತ್ತು. ಆರು ಸೇರು ಹಾಲು ಎಲ್ಲರ ಕಣ್ಣೆದುರಿಗೇ ಒಡೆಯಿತು. ಬೆನಕಪ್ಪನಿಗೂ ಈಗ ನಂಬಿಕೆ ಬಂತು, ಇದು ಹೊಡೆಯುವ ಕೋಲೇ ಎಂದು.

ಪಾಲಣ್ಣ ಲೆಕ್ಕ ಹಾಕಿದ. ಹದಿನೆಂಟು ವರ್ಷದ ಮಾನ, ನಾಳೆಯ ಅಂಗಡಿ, ಎರಡೂ ಆ ಹುಲಿಗಳ ಕಾಲಿಗೆ ಕಟ್ಟುಬಿದ್ದಿದ್ದವು. ಸಾಹೇಬರು ಕೋಲು ಹಿಡಿದ ಕೂಡಲೇ ಅವರ ಮನೆತನದ ಗುರುತು ತಲೆ ಕೆಳಗೆ ಕಾಲು ಮೇಲೆ. ಇದಕ್ಕಿಂತ ಅವರ ಕೆನ್ನೆಗೆ ಹೊಡೆದಿದ್ದರೆ ಕಡಿಮೆ ಅವಮಾನ. ಅವನು ಬಕೆಟ್ಟಿಗೆ ನೀರು ತುಂಬಿ ಗಿಡ್ಡನೆಯ ಕೋಲುಗಳನ್ನು ಅದ್ದಿದ. ಚಿತ್ರ ಇನ್ನೂ ಹಸಿ ಇದ್ದುದರಿಂದ ಹೆಬ್ಬೆರಳಲ್ಲಿ ಮೆಲ್ಲಗೆ ದೂಡಿದರೆ ಜಾರಿತು. ಒಂದೊಂದನ್ನೇ ತಿರುಗಿಸಿದ. ನಾಲ್ಕೂಕಾಲಿಗೆ ಏಳು ಹುಲಿಗಳು ಕಾಲ ಮೇಲೆ ನಿಂತವು. ಒರೆಸಿ ಒಣಗಿಸಲು ಕಸ್ತೂರಮ್ಮ ಸೆರಗಿನಿಂದ ಗಾಳಿ ಹಾಕಿದಳು.

ಉದ್ದನೆಯ ಏಳು ಕೋಲಿನ ಹುಲಿಗಳು ಮಾತ್ರ ಜಗ್ಗಲಿಲ್ಲ. ಬಿಸಿಲಲ್ಲಿ ಒಣಗಿ, ವಾರ್ನಿಷು ಕುಡಿದು ಕೂತುಬಿಟ್ಟಿದ್ದವು. ಬಿಸಿನೀರು ಹಾಕಿದ, ಸೀಮೆಎಣ್ಣೆ ಹಾಕಿದ, ಉಗುರು ಹಾಕಿದ. ತನ್ನ ಕೈಕೆಲಸ ಎಷ್ಟು ಗಟ್ಟಿ ಎಂಬುದು ಅವನಿಗೆ ಅಂದೇ ಸರಿಯಾಗಿ ತಿಳಿದದ್ದು. ಬ್ಲೇಡಿನಿಂದ ಕೆರೆದರೆ ಚಿತ್ರವೇ ಹೋಗುತ್ತದೆ, ಬೇರೆ ಚೀಟಿ ಇಲ್ಲ.

ಇನ್ನು ಸಲಹೆಗಳು ಶುರುವಾದವು. ಸಾಹೇಬರಿಗೆ ನಿಜ ಹೇಳಿಬಿಡು ಎಂದು ಧರ್ಮಪ್ಪ. ತಲೆಕೆಳಗಿನವನ್ನು ಚೀಲದಲ್ಲಿ ಹಿಂದಕ್ಕೆ ಇಡು, ಮುಂದಿನವನ್ನಷ್ಟೇ ನೋಡುತ್ತಾರೆ ಎಂದು ಬೆನಕಪ್ಪ. ಆದರೆ ಯಾವುದು ಹಿಂದೆ, ಯಾವುದು ಮುಂದೆ? ಕೋಲುಗಳನ್ನು ಚೀಲಕ್ಕೆ ಇಳಿಸಿದಾಗ ರಬ್ಬರು ಒಳಗೆ ಹೋಗಿ, ತಪ್ಪೆಂದುಕೊಂಡ ಏಳು ಹುಲಿಗಳು ನೆಟ್ಟಗೆ ನಿಂತವು, ತಿದ್ದಿದ ಏಳು ಹುಲಿಗಳು ಶೀರ್ಷಾಸನ ಹಾಕಿದವು. ಪಾಲಣ್ಣ ಚೀಲದ ಸುತ್ತ ಎರಡು ಸುತ್ತು ಬಂದ. ಈಗ ಅವನಿಗೆ ಕೋಲಿನ ತಲೆ ಹಾಗಿರಲಿ, ತನ್ನ ತಲೆ ಯಾವ ಕಡೆಗಿದೆ ಎಂಬುದೂ ಗೊತ್ತಾಗದ ಹಾಗಾಗಿತ್ತು. ಮುಟ್ಟುವುದು ಬೇಡ ಎಂದು ಕೈ ಕಟ್ಟಿ ಕೂತ.

ಐದಕ್ಕೆ ಜೀಪು ಬಂತು. ಸಾಹೇಬರೇ ಇಳಿದರು. ತೆಳ್ಳಗೆ, ಬೆಳ್ಳಗೆ, ಕಣ್ಣಿಗೆ ಕಪ್ಪು ಕನ್ನಡಕ. ಚೀಲದ ಬಾಯಿಯನ್ನು ನೋಡಿದರು. ಒಂದು ಉದ್ದನೆಯ ಕೋಲಿನ ಹುಲಿ ನೋಡಿದರು. ಒಂದು ಗಿಡ್ಡನೆಯ ಕೋಲು ಹೊರಗೆಳೆದು, ರಬ್ಬರು ಹಿಡಿದು, ಮೂತಿ ನೆಲಕ್ಕೂರಿ ಅದರ ಹುಲಿ ನೋಡಿದರು. ಮತ್ತೆ ಚೀಲ ನೋಡಿದರು. ಬೆನಕಪ್ಪ ಮೆಲ್ಲಗೆ ತನ್ನ ಅಂಗಡಿಯ ಕಡೆ ಸರಿದ.

"ಇದನ್ನು ಹೀಗೆ ಅಂಟಿಸಬೇಕೆಂದು ನಿನಗೆ ಯಾರು ಹೇಳಿದರು?" ಎಂದು ಸಾಹೇಬರು ಕೇಳಿದರು.

ಪಾಲಣ್ಣ ತಾನೇ ಮಾಡಿದ್ದು ಎಂಬಂತೆ ತಲೆಯಾಡಿಸಿದ.

ಸಾಹೇಬರು ಕನ್ನಡಕ ತೆಗೆದರು. ದೂರದ ಹೊಡೆತದ ಉದ್ದನೆಯ ಕೋಲುಗಳನ್ನು ಚೀಲದಿಂದ ಆರಿಸಿ ತೆಗೆಯಬೇಕು, ಅವಕ್ಕೆ ಗುರುತು ಚೀಲದಲ್ಲಿದ್ದಾಗ ನೆಟ್ಟಗಿರಬೇಕು. ಹತ್ತಿರದ ಹೊಡೆತಕ್ಕೆ ಗಿಡ್ಡ ಕೋಲು ಹಿಡಿದು ತಲೆ ತಗ್ಗಿಸಿ ನಿಂತಿರುತ್ತೇವೆ, ಅವಕ್ಕೆ ಕೈಯಲ್ಲಿದ್ದಾಗ ನೆಟ್ಟಗಿರಬೇಕು. ಬೆಂಗಳೂರಿನಲ್ಲಿ ಯಾರಿಗೂ ಹೊಳೆಯದ್ದು ಇದು ಎಂದರು. ಆಟ ಬಲ್ಲವನೇ ಹೀಗೆ ಯೋಚಿಸಲು ಸಾಧ್ಯ ಎಂದು ಪಾಲಣ್ಣನ ಬೆನ್ನು ತಟ್ಟಿದರು. ಧರ್ಮಪ್ಪ ಹುಲಿಗಳನ್ನು ಇನ್ನೊಮ್ಮೆ ಬಗ್ಗಿ ನೋಡಿದ. ಬೆನಕಪ್ಪ ಸರಿದಷ್ಟೇ ಬೇಗ ವಾಪಸ್ಸು ಬಂದು, ತಾನೂ ಜೊತೆಗಿದ್ದೆನೆಂದು ಒಂದು ಮಾತು ಸೇರಿಸಿದ.

ಹೇಳಿದ ಮಾತಿನಂತೆ ಜಯಪ್ಪ ನೋಟೀಸಿನ ವಿಷಯ ತೆಗೆದ. ಪಾಲಣ್ಣ ಎರಡು ಕೈ ಜೋಡಿಸಿದ.

"ಹದಿನೆಂಟು ವರ್ಷದಿಂದ ಇಲ್ಲೇ ಅದೀನ್ರಿ ಸಾಹೇಬ್ರೆ. ಈ ಜಾಗ ಬಿಟ್ರೆ ನನ್ನ ಹುಡುಕ್ಕೊಂಡು ಯಾರೂ ಬರಲ್ರಿ. ದೊಡ್ಡ ಮನಸ್ಸು ಮಾಡ್ರಿ."

ಸಾಹೇಬರು ಬಯಲನ್ನು ಒಮ್ಮೆ ಕಣ್ಣಾಡಿಸಿ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಚಹಾದಂಗಡಿ ಇರಲಿ ಎಂದರು, ದಣಿದವರಿಗೆ ಚಹಾ ಬೇಕಾಗುತ್ತದೆ. ಹಣ್ಣಿನ ಅಂಗಡಿಯೂ ಇರಲಿ ಎಂದರು. ಬೆನಕಪ್ಪ ನೆಲಕ್ಕೆ ತಾಗುವಷ್ಟು ಬಗ್ಗಿ ನಮಸ್ಕಾರ ಮಾಡಿದ. ಕಸ್ತೂರಮ್ಮ ಕಣ್ಣೊರೆಸಿಕೊಂಡಳು. ಪಾಲಣ್ಣ ತನ್ನ ಸರದಿಗೆ ಕಾದ.

ಸಾಹೇಬರು ಕೈಯಲ್ಲಿದ್ದ ಗಿಡ್ಡ ಕೋಲನ್ನು ತಿರುಗಿಸುತ್ತ ಪಾಲಣ್ಣನ ಅಂಗಡಿಯ ಹತ್ತಿರ ಬಂದು, ಅದರ ಹಲಗೆಯನ್ನು ಹುಲಿಯ ಕೋಲಿನಿಂದಲೇ ಎರಡು ಸಲ ತಟ್ಟಿದರು.

"ಆಟ ಗೊತ್ತಿರುವವನು ನೀನು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಬಯಲು ತೆರವು ಮಾಡಿಸುತ್ತಿರುವುದೇ ನಮ್ಮ ಆಟಕ್ಕೆ. ಆಫೀಸಿನ ಮೆಟ್ಟಿಲಿನಿಂದ ಹೊಡೆದ ಚೆಂಡು ಬೀಳಬೇಕಾದ ಗುಂಡಿ ಸರಿಯಾಗಿ ಇಲ್ಲೇ ಬರುತ್ತದೆ. ಒಂದು ಅಡಿ ಅತ್ತಿತ್ತ ಆದರೂ ಲೆಕ್ಕ ತಪ್ಪುತ್ತೆ, ಅಲ್ಲವೇ?"

ಆಟ ಗೊತ್ತಿಲ್ಲ ಎಂದರೆ ಹೊಗಳಿಕೆ ಹೋಗುತ್ತದೆ, ಗೊತ್ತು ಎಂದರೆ ಅಂಗಡಿ ಹೋಗುತ್ತದೆ. ಪಾಲಣ್ಣ ಏನೂ ಹೇಳಲಿಲ್ಲ. ಅದನ್ನು ಸಾಹೇಬರು ಒಪ್ಪಿಗೆ ಎಂದುಕೊಂಡರು. ನಾಳೆ ಎಂಟು ಗಂಟೆಗೆ ಆಳುಗಳು ಬರುತ್ತಾರೆ, ಪೆಟ್ಟಿಗೆ ಎತ್ತಲು ಅವರೂ ಕೈ ಕೊಡುತ್ತಾರೆ ಎಂದು ಸಮಾಧಾನ ಹೇಳಿದರು. ಹೊರಡುವ ಮುಂಚೆ ಏನೋ ನೆನಪಾದಂತೆ ಜಯಪ್ಪನಿಗೆ ಸನ್ನೆ ಮಾಡಿದರು. ಅವನು ಜೀಪಿನಿಂದ ಹೊಸದೊಂದು ಬಿದಿರಿನ ಗಳು ತಂದು ಹಲಗೆಯ ಮೇಲಿಟ್ಟ, ಅದರ ಮೇಲೊಂದು ಲಕೋಟೆ. ಗುಂಡಿಯಲ್ಲಿ ನಿಲ್ಲಿಸುವ ಬಾವುಟದ ಗಳುವಂತೆ. ಅದಕ್ಕೂ ಒಂದು ಹುಲಿ ಬೇಕು, ಈ ಕೆಲಸ ಪಾಲಣ್ಣನಲ್ಲದೆ ಬೇರೆ ಯಾರ ಕೈಯಲ್ಲೂ ಆಗುವುದಿಲ್ಲ ಎಂದು ಸಾಹೇಬರು ಹೇಳಿದರು.

ಪಾಲಣ್ಣ ಗಳುವಿನ ಒಂದು ತುದಿ ಸವರಿದ. ಇನ್ನೊಂದು ತುದಿ ಸವರಿದ. ಎರಡೂ ಒಂದೇ ಥರ ಇದ್ದವು. ಬೆನಕಪ್ಪ ಸಲಹೆ ಕೊಡಲು ಬಾಯಿ ತೆರೆದಿದ್ದ. ಅದಕ್ಕೆ ಅವಕಾಶ ಕೊಡದೆ ಪಾಲಣ್ಣ ಜೀಪಿನ ಹತ್ತಿರ ಓಡಿ, ಕೈಕಟ್ಟಿ ನಿಂತು ಕೇಳಿದ:

"ಸಾಹೇಬ್ರೆ, ನನ್ನ ಅಂಗಡಿ ಜಾಗದಾಗೆ ಇದರ ಯಾವ ತುದಿ ಹೂಳ್ತೀರಿ?"