ಭೂಗೋಳ ಓದಿಸಿ ಊರು ಕಳೆದ ವೃತ್ತಾಂತ

ಚನ್ನರಾಯಪಟ್ಟಣ ತಾಲ್ಲೂಕು, ದಂಡಿಗನಹಳ್ಳಿ ಹೋಬಳಿ, ಗುಬ್ಬಿಕೊಪ್ಪಲು ಎಂಬ ಗ್ರಾಮವು ೧೯೫೯ನೇ ಇಸವಿಯಿಂದ ಇರುವುದಿಲ್ಲ. ಹೀಗೆಂದು ಹೇಳಿ ಬರೆಸುತ್ತಿರುವ ನಾನು ಸದರಿ ಗ್ರಾಮದ ಹಿರಿಯ ನಿವಾಸಿ ಪಾಪಯ್ಯ. ನನ್ನ ಬಾಯಲ್ಲಿ ಸುಳ್ಳು ನಿಲ್ಲುವುದಿಲ್ಲ. ಹೇಮಾವತಿ ಹೊಳೆಯೇ ಒಂದು ಸಲ ನನ್ನ ಗದರಿಕೆ ಕೇಳಿ ಅರ್ಧ ಮೈಲಿ ಪಕ್ಕಕ್ಕೆ ಸರಿದದ್ದನ್ನು ಹೊಳೆನರಸೀಪುರದ ಕಡೆ ಯಾರನ್ನಾದರೂ ಕೇಳಿ.

ನಮ್ಮಕ್ಕ ಹೊನ್ನಕ್ಕನ ಮಗ ಬೈರಯ್ಯ ಇಂಟರ್ ಮುಗಿಸಿದಾಗ ಮುಂದೇನು ಓದಿಸುವುದೆಂದು ಜಗಲಿಯ ಮೇಲೆ ಸಭೆ ಸೇರಿತು. ಲಾಯರಿಕೆಗೆ ಕರೀಕೋಟು ಹೊಲಿಸಬೇಕು. ಡಾಕ್ಟರಿಕೆಗೆ ಹೆಣ ಬೇಕು. ಭೂಗೋಳಕ್ಕೆ ಬೇಕಾದ್ದು ಬರೀ ಭೂಮಿ, ಅದು ಊರ ಸುತ್ತ ಬೇಕಾದಷ್ಟು ಬಿದ್ದಿದೆ. "ಕಮ್ಮಿ ಖರ್ಚಿನ ಓದು ಇದೇ ಕಣಕ್ಕ," ಎಂದು ನಾನೇ ತೀರ್ಪು ಕೊಟ್ಟೆ. ಹೊನ್ನಕ್ಕ ನಂಬಿದಳು. ಮೈಸೂರಿನ ಹಾಸ್ಟೆಲಿಗೆ ಅವಳ ಜೋಡಿ ಎತ್ತು ಹೋದವು, ಕೊರಳ ಕಾಸಿನ ಸರ ಗಿರವಿಗೆ ಹೋಯಿತು, ಹಿತ್ತಲ ಹಲಸಿನ ಮರ ಹಲಗೆಯಾಗಿ ಹೋಯಿತು. ಬೈರಯ್ಯ ಬಿ.ಎ. ಆಗಿ ಕಂಕುಳಲ್ಲಿ ಒಂದು ಗ್ಲೋಬು ಇಟ್ಟುಕೊಂಡು ಬಂದ.

ಕೆಲಸ ಮಾತ್ರ ಬರಲಿಲ್ಲ. ಕಾಂಪೌಂಡರ್ ಬೇಕು, ಕಂಡಕ್ಟರ್ ಬೇಕು ಎನ್ನುವವರಿದ್ದರು. ಆಫ್ರಿಕದ ನದಿಗಳನ್ನು ಬಲ್ಲವನು ಬೇಕೆಂದು ಇತ್ತ ಹಾಸನ, ಅತ್ತ ಅರಕಲಗೂಡು, ಎಲ್ಲೂ ಯಾರೂ ಕೇಳಲಿಲ್ಲ. ಹೊನ್ನಕ್ಕ ನನ್ನ ಬಾಗಿಲಿಗೆ ಬಂದು ನಿಂತಳು.

"ಲೇ ಪಾಪ, ಎತ್ತು ಮಾರಿ ಮೂಡ್ಲು ಯಾವ್ದು ಪಡ್ಲು ಯಾವ್ದು ಅಂತ ಕಲ್ಸಿದ್ನಲ್ಲೋ! ಅದ್ನ ನಮ್ ಉಂಜ ಬೆಳಿಗ್ಗೆ ಕೂಗಿ ಬಿಟ್ಟಿ ಯೋಳ್ತಿತ್ತು."

"ತಡ್ಕಳಕ್ಕ. ಭೂಮಿ ದೊಡ್ಡದು, ನಿಧಾನಕ್ಕೆ ಸುತ್ತದೆ."

"ಸುತ್ತದೆ ನಿನ್ ತಲೆ! ಈ ವರ್ಸ ಅವ್ನಿಗೆ ಕೆಲ್ಸ ಆಗ್ಲಿಲ್ಲ ಅಂದ್ರೆ ನಿನ್ನೂ ಅವ್ನನ್ನೂ ಜೋಡಿ ನೊಗಕ್ಕೆ ಕಟ್ತೀನಿ ಕಣ್ಲಾ!"

ಅಕ್ಕ ಆಡಿದ್ದನ್ನು ಮಾಡುವವಳು. ಆದಕಾರಣ ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಖಾಲಿ ಎಂದು ಕೇಳಿದ್ದೇ ಹುಡುಗನನ್ನು ಎಳೆದುಕೊಂಡು ಹೋದೆ. ಅಲ್ಲಿನ ಅಧಿಕಾರಿ ಪಟ್ಟಾಭಿರಾಮಯ್ಯನವರು ಹುಟ್ಟಿದ ಊರನ್ನು ತಾಳೆ ನೋಡಲು ತಾಲ್ಲೂಕಿನ ನಕ್ಷೆ ತರಿಸಿದರು. ಬಟ್ಟೆಗೆ ಅಂಟಿಸಿದ ಹಳೇ ನಕ್ಷೆ. ಮಡಿಸಿ ಬಿಚ್ಚಿ, ಬಿಚ್ಚಿ ಮಡಿಸಿ, ಮಡಿಸಿದ ಗೆರೆಗಳು ಕೂಡುವ ಜಾಗ ಸವೆದು ತೂತಾಗಿತ್ತು. ನಮ್ಮೂರು ಸರಿಯಾಗಿ ಆ ತೂತಿನಲ್ಲಿತ್ತು. ಸಾಹೇಬರು ತೂತಿನೊಳಗೆ ಬೆರಳು ಹಾಕಿದರು. ಬೆರಳು ಆ ಕಡೆಯಿಂದ ಹೊರಗೆ ಬಂತು.

"ನಿಮ್ಮ ಗ್ರಾಮವೇ ಇಲ್ಲವಲ್ಲಯ್ಯ."

"ಐತೆ ಸಾ. ಬೆಳಿಗ್ಗೆ ಅಲ್ಲೇ ಉಂಡ್ಬುಟ್ಟು ಬಂದ್ವಿ," ಎಂದೆ ನಾನು.

"ಉಣ್ಣುವುದು ಬೇರೆ, ಇರುವುದು ಬೇರೆ."

ಗ್ರಾಮ ಕಾಣೆಯಾದದ್ದು ಸಣ್ಣ ವಿಷಯವಲ್ಲ. ಕಡತ ಮೇಲೆ ಹೋಗಿ ಆದೇಶವಾಗಿ ಇಳಿಯಿತು: "ಕಾಣೆಯಾದ ಗ್ರಾಮವನ್ನು ಹುಡುಕಲು ಭೂಗೋಳ ಪದವೀಧರನೊಬ್ಬನನ್ನು ತಾತ್ಕಾಲಿಕವಾಗಿ ನೇಮಿಸತಕ್ಕದ್ದು. ಗ್ರಾಮವು ಸಿಕ್ಕಿದ ದಿನವೇ ಸದರಿ ಹುದ್ದೆಯು ರದ್ದಾಗತಕ್ಕದ್ದು." ಎದುರಿಗೆ ನಿಂತಿದ್ದ ಪದವೀಧರ ನಮ್ಮ ಬೈರಯ್ಯ ಒಬ್ಬನೇ.

ಸಂಬಳ, ಸೈಕಲ್ಲು, ಪ್ರಯಾಣ ಭತ್ಯೆ! ಇಲ್ಲದ ಊರಿನಿಂದ ಹೊರಡುವವನ ದೂರವನ್ನು ಅಳೆಯಲಾಗದ ಕಾರಣ ಭತ್ಯೆಯನ್ನು ಪೂರ್ತಿ ಕೊಡಬೇಕೆಂದು ನಿಯಮವೂ ಆಯಿತು. ಬೈರಯ್ಯ ಬೆಳಿಗ್ಗೆ ಮನೆಯಲ್ಲಿ ಮುದ್ದೆ ಉಂಡು ಊರು ಹುಡುಕಲು ಹೊರಡುವನು. ಹಳೇಕೋಟೆ, ಶೆಟ್ಟಿಹಳ್ಳಿ ಎಲ್ಲ ಸುತ್ತಿ, ಸಂಜೆ ಊರಿಗೆ ಬಂದು, ಜಗಲಿಯ ಮೇಲೆ ಕೂತು "ಸಿಗಲಿಲ್ಲ" ಎಂದು ವರದಿ ಬರೆಯುವನು. ಹೊನ್ನಕ್ಕನ ಕೊಟ್ಟಿಗೆಗೆ ಎತ್ತು ಬಂದವು. ಸರ ಬಿಡಿಸುವುದೊಂದು ಬಾಕಿ.

ಅಷ್ಟರಲ್ಲಿ ಪಟ್ಟಾಭಿರಾಮಯ್ಯನವರು ತಾವೇ ಖುದ್ದು ಪರಿಶೀಲನೆಗೆ ಬರುತ್ತಾರೆಂದು ಸುದ್ದಿ. ಊರು ಕಂಡರೆ ಹುಡುಗನ ಕೆಲಸ ಹೋಯಿತು! ನಾನು ಡಂಗುರ ಹೊಡೆಸಿದೆ: "ನಾಳೆ ಯಾರೂ ಇರಕೂಡದು." ಒಲೆ ಆರಿದವು. ಹೆಂಗಸರು ಮಕ್ಕಳು ಹೊಲದಲ್ಲಿ ಕೂತರು. ನಾಯಿಗಳಿಗೂ ನಾನೇ ತಿಳಿಸಿದೆ, ಒಂದೂ ಬೊಗಳಲಿಲ್ಲ. ಆದರೆ ಜೀಪು ನಮ್ಮ ಬೀದಿಯ ಕೆಸರಿನಲ್ಲೇ ಹೂತುಕೊಳ್ಳಬೇಕೆ? ಇಲ್ಲದ ಜನವೆಲ್ಲ ಹೊಲದಿಂದ ಓಡಿಬಂದು ನೂಕಿದೆವು. ಸಾಹೇಬರು ಹೊನ್ನಕ್ಕನ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು.

"ತಾಯಿ, ಇದು ಯಾವ ಊರು?"

ಹೊನ್ನಕ್ಕ ಸೆರಗು ಸರಿಮಾಡಿಕೊಂಡಳು.

"ಯಾವ್ದೂ ಅಲ್ಲ ಸಾಮಿ. ಇನ್ನೊಂದ್ ಲೋಟ ಕೊಡ್ಲಾ?"

ಸಾಹೇಬರು ಗುಡಿ ನೋಡಿದರು, ಬಾವಿ ನೋಡಿದರು, ಕೆಸರು ಮೆತ್ತಿಕೊಂಡ ನಮ್ಮನ್ನೆಲ್ಲ ನೋಡಿದರು. "ಸದ್ಯ! ಸಿಕ್ಕಿಬಿಟ್ಟಿದ್ದರೆ ಇವನ ಹುದ್ದೆ, ಈ ಹುಡುಕಾಟಕ್ಕೆಂದೇ ತೆರೆದ ನನ್ನ ಶಾಖೆ, ಈ ಜೀಪು ಎಲ್ಲ ಹೋಗುತ್ತಿತ್ತು," ಎಂದು ಎರಡನೇ ಲೋಟವನ್ನೂ ಕುಡಿದರು. ಹುದ್ದೆಯನ್ನು ಖಾಯಂ ಮಾಡಬಹುದು, ಆದರೆ ಗ್ರಾಮ ಇಲ್ಲವೆಂದು ಗ್ರಾಮಸ್ಥರೇ ಒಪ್ಪಿಗೆ ಕೊಡಬೇಕು ಎಂದರು.

ನೆರೆಮನೆಯ ಗುಂಡಯ್ಯ ತಕರಾರು ತೆಗೆದ. "ಲೈಟ್ ಕಂಬ ದಂಡಿಗನಹಳ್ಳಿಗಂಟ ಬಂದ್ವು. ನಾವು ಇಲ್ಲ ಅಂದ್ರೆ ನಮ್ಗೆಲ್ಲಿ ಆಕ್ತಾರೆ? ಇಸ್ಕೂಲು ಬ್ಯಾಡ್ವ? ರಸ್ತೆ ಬ್ಯಾಡ್ವ?"

"ನಿನ್ ಲೈಟ್ ಕಂಬ ತಿಂಗ್ಳಿಗೆ ಸಂಬ್ಳ ತತ್ತದಾ?" ಎಂದಳು ಹೊನ್ನಕ್ಕ. "ನಿನ್ ಮಗನ್ಗೂ ಭೂಗೋಳ ಓದ್ಸು. ಕಳ್ಯಾಕೆ ಅರಕಲಗೂಡ್ ಕಡೆ ಬೇಕಾದಷ್ಟ್ ಊರವೆ."

ಗುಂಡಯ್ಯ ಒಂದು ಬೀಡಿ ಸೇದುವಷ್ಟು ಹೊತ್ತು ಯೋಚಿಸಿದ. ಅವನ ಮುಖದಲ್ಲಿ ಬೆಳಕಾಯಿತು. "ಅಂಗಾರೆ ದೊಡ್ಡೂರೇ ಒಂದ್ ನೋಡಿಡಿ ಸಾ," ಎಂದ.

ಬೈರಯ್ಯ ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿದ: "ಗುಬ್ಬಿಕೊಪ್ಪಲಿನ ಸಮಸ್ತ ನಿವಾಸಿಗಳಾದ ನಾವು, ಗುಬ್ಬಿಕೊಪ್ಪಲು ಎಂಬುದು ಇಲ್ಲವೆಂದೂ, ಅಲ್ಲಿ ತಲೆತಲಾಂತರದಿಂದ ವಾಸವಾಗಿಲ್ಲವೆಂದೂ, ಸ್ವಸಂತೋಷದಿಂದ ಒಪ್ಪಿರುತ್ತೇವೆ." ಊರೆಲ್ಲ ಚಪ್ಪಾಳೆ ಹೊಡೆಯಿತು. ಹೊನ್ನಕ್ಕ ಆನಂದಕ್ಕೆ ಅತ್ತಳು.

ಮೊದಲ ಹೆಬ್ಬೆಟ್ಟು ನನ್ನದು. ಪಟ್ಟಾಭಿರಾಮಯ್ಯನವರು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಇಲ್ಲದ ಮನುಷ್ಯನ ಗುರುತು ಇಷ್ಟು ಚೊಕ್ಕಟವಾಗಿ ಬಿದ್ದದ್ದನ್ನು ತಮ್ಮ ಇಡೀ ಸರ್ವೀಸಿನಲ್ಲೇ ಕಂಡಿಲ್ಲ ಎಂದರು.