ಗುರ್ಕಾರನ ಬೇಸ್‌ಬಾಲ್ ಟೀಮು

ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ಬ್ಯಾಟು ಹಿಡಿದವನಿಗೆ ಶುಕ್ರವಾರ ಸುಮ್ಮನೆ ಕಳೆಯುವುದಿಲ್ಲ. ಏನಾದರೊಂದು ಆಗಿಯೇ ಆಗುತ್ತದೆ.

ನಾನು ದೋಹಾದಲ್ಲಿ ಕಂಪನಿ ಬಸ್ಸಿನ ಡ್ರೈವರ್. ಇಲ್ಲಿ ರಜೆ ಶುಕ್ರವಾರ, ಪೂಜೆಯೂ ಆಟವೂ ಅವತ್ತೇ. ಚರ್ಚಿನಲ್ಲಿ ನಮ್ಮ ಬಿನ್ ಮಹಮೂದ್ ವಾರ್ಡಿನ ಗುರ್ಕಾರ. ಅಂದರೆ ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಪ್ರಾರ್ಥನೆ, ಎಲ್ಲ ನೋಡಿಕೊಳ್ಳುವವನು. ಬೇಸ್‌ಬಾಲಿಗೆ ನಾನಾಗಿ ಹೋದವನಲ್ಲ. ನನ್ನ ಹೆಂಡತಿ ನರ್ಸ್ ಆಗಿದ್ದಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಫಿಲಿಪ್ಪೀನ್ಸಿನ ನರ್ಸಿನ ಮಗನಿಗೆ ಆ ಆಟದ ಹುಚ್ಚು. ಇವಳು ಚರ್ಚಿನ ಮಕ್ಕಳನ್ನು ಸೇರಿಸಿ ಟೀಮು ಕಟ್ಟಿದಳು. "ಕೋಚು ನಮ್ಮವರೇ," ಅಂದಳು. ನನ್ನನ್ನು ಕೇಳಲಿಲ್ಲ.

ಅವಳು ತೀರಿಹೋಗಿ ಎರಡು ವರ್ಷ. ಟೀಮು ಇದೆ. ಲೀಗಿನವರದ್ದು ಒಂದು ನಿಯಮ. ಒಂದು ಸೀಸನ್ನಿನಲ್ಲಿ ಮೂರು ಸಲ ಒಂಬತ್ತು ಮಕ್ಕಳಿಲ್ಲದೆ ಬಂದರೆ ಟೀಮು ಖಲಾಸ್. ಅವಳು ಕಟ್ಟಿದ್ದು ನನ್ನ ಕೈಯಲ್ಲಿ ಖಲಾಸ್ ಆಗಬಾರದು. ನನಗಿರುವುದು ಇದೊಂದೇ ಹಟ.

ಬ್ಯಾಟು ಬಿಡಬೇಡ

ಮೊದಲನೇ ಮ್ಯಾಚು. ನನಗೆ ಗೊತ್ತಿದ್ದದ್ದು ಕ್ರಿಕೆಟ್ ಮಾತ್ರ, ಬ್ಯಾಟು ಹಿಡಿದೇ ಓಡುವ ಆಟ. ನಮ್ಮ ಹುಡುಗ ಚೆಂಡಿಗೆ ಸರಿಯಾಗಿ ಬಾರಿಸಿದ. ಬ್ಯಾಟು ಬಿಸಾಡಿ ಓಡಿದ.

"ಏಯ್, ಬ್ಯಾಟು! ಬ್ಯಾಟು ಬಿಟ್ಟು ಎಲ್ಲಿಗೆ ಹೋಗ್ತೀಯಾ?"

ಹುಡುಗ ಒಳ್ಳೆಯವನು. ಕೋಚಿನ ಮಾತು ಮೀರುವವನಲ್ಲ. ಅರ್ಧ ದಾರಿಯಿಂದ ವಾಪಸ್ ಬಂದ, ಬ್ಯಾಟು ಎತ್ತಿಕೊಂಡ, ಮತ್ತೆ ಓಡಿದ. ಅಷ್ಟರಲ್ಲಿ ಅವನು ಔಟಾಗಿ ಎಷ್ಟೋ ಹೊತ್ತಾಗಿತ್ತು. ಆದರೂ ಉದ್ದಕ್ಕೆ ಬಿದ್ದು, ಬ್ಯಾಟು ಚಾಚಿ ಬೇಸಿಗೆ, ಅಂದರೆ ಓಡಿ ಮುಟ್ಟಬೇಕಾದ ಗುರುತಿಗೆ, ಮುಟ್ಟಿಸಿದ.

ಅಂಪೈರು ನನ್ನ ಹತ್ತಿರ ಬಂದ. "ಕೋಚ್, ಅವನು ಬ್ಯಾಟು ಯಾಕೆ ತಂದ?"

"ನಮ್ಮಲ್ಲಿ ಸಾಮಾನು ಬಿಟ್ಟು ಬರುವ ಪದ್ಧತಿ ಇಲ್ಲ," ಅಂದೆ.

ಎರಡು ಕೈ

ಟೀಮು ಕಟ್ಟಿದ ಹೊಸತರಲ್ಲಿ ಗ್ಲೌಸು ತೆಗೆದುಕೊಳ್ಳಲು ಹೋದದ್ದು ನಾನು, ಹೆಂಡತಿ ಇಬ್ಬರೂ. ಅಂಗಡಿಯವನು ಒಬ್ಬೊಬ್ಬರಿಗೆ ಒಂದೊಂದೇ ಇಟ್ಟ.

"ಇನ್ನೊಂದು ಕೈಗೆ?" ಅಂದಳು.

"ಒಂದೇ ಸಾಕು, ಮೇಡಮ್."

"ಇಪ್ಪತ್ತು ವರ್ಷದಿಂದ ನರ್ಸ್ ನಾನು. ಒಂದು ಕೈಗೆ ಗ್ಲೌಸು ಹಾಕಿ ಇನ್ನೊಂದು ಕೈ ಬರಿದು ಬಿಡುವುದು ಎಲ್ಲಿಯಾದರೂ ಉಂಟಾ?"

ಅಂಗಡಿಯವನು ಸೋತ. ಒಂಬತ್ತು ಮಕ್ಕಳಿಗೆ ಹದಿನೆಂಟು ಗ್ಲೌಸು ಬಂತು.

ಮ್ಯಾಚಿನಲ್ಲಿ ನಮ್ಮವರು ಚೆಂಡು ಹಿಡಿಯುವುದೇನೋ ಹಿಡಿದರು. ಎಸೆಯಲಿಕ್ಕೆ ಆಗಲಿಲ್ಲ. ಎರಡು ಕೈಯಲ್ಲೂ ದಿಂಬಿನಂಥ ಗ್ಲೌಸು. ಒಬ್ಬ ಹಲ್ಲಿನಲ್ಲಿ ಕಚ್ಚಿ ಎಳೆದ. ಇನ್ನೊಬ್ಬ ಚೆಂಡನ್ನು ಎದೆಗೆ ಅವುಚಿಕೊಂಡು ಮಗುವನ್ನು ಎತ್ತಿಕೊಂಡ ಹಾಗೆ ಚೆಂಡು ಹಾಕುವ ಪಿಚ್ಚರಿನ ತನಕ ನಡೆದುಕೊಂಡೇ ಹೋದ.

ದೊಡ್ಡ ಸೋಲು. ವಾಪಸ್ ಬರುವಾಗ ಬಸ್ಸಿನಲ್ಲಿ ಇವಳು ಹೇಳಿದಳು. "ಹೋಗಲಿ ಬಿಡಿ. ಯಾರಿಗೂ ಸೋಂಕಂತೂ ಆಗಲಿಲ್ಲ."

ಪಾಪನಿವೇದನೆ

ಈ ಸೀಸನ್ನಿನಲ್ಲಿ ಮೊದಲ ಸಲ ಒಬ್ಬ ಕಡಿಮೆಯಾದದ್ದು ರಾಸ್ ಲಫಾನಿನಿಂದ. ಹುಡುಗನ ಅಪ್ಪ ದೂರದ ಆ ಗ್ಯಾಸ್ ಪ್ಲಾಂಟಿಗೆ ಶಿಫ್ಟಿಗೆ ಹೋಗಿದ್ದ. ಮನೆಯ ಬೀಗದ ಕೈಯೂ ಅವನ ಜೇಬಿನಲ್ಲೇ ಹೋಗಿತ್ತು. ಹುಡುಗ ಒಳಗೆ.

ಎರಡನೇ ಸಲ ತಪ್ಪು ನನ್ನದೇ. ಮಕ್ಕಳು ಪಾಪನಿವೇದನೆ ಮಾಡದೆ ತಿಂಗಳಾಗಿತ್ತು. ಮ್ಯಾಚಿಗೆ ಮುಂಚೆ ಎಲ್ಲರನ್ನೂ ಚರ್ಚಿಗೆ ಕರೆದುಕೊಂಡು ಹೋದೆ. ಎಂಟು ಜನ ಎರಡೆರಡು ನಿಮಿಷದಲ್ಲಿ ಹೊರಗೆ ಬಂದರು. ಒಂಬತ್ತನೆಯವನು ನಮ್ಮ ಕ್ಯಾಚರ್. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಇಷ್ಟು ಚಿಕ್ಕ ಹುಡುಗ ಅಷ್ಟು ಪಾಪ ಎಲ್ಲಿಂದ ತಂದ ಅಂತ ನನಗೆ ಚಿಂತೆ. ಅವನ ತಾಯಿ ಹೊರಗೆ ನಿಂತು ಅಳಲು ಶುರು ಮಾಡಿದಳು.

ಎಂಟು ಜನರನ್ನು ಕರೆದುಕೊಂಡು ಹೋದೆ. ಅಂಪೈರು ಎಣಿಸಿ ಬರೆದುಕೊಂಡ. ಎರಡನೇ ಸಲ.

ಆಮೇಲೆ ಹುಡುಗನನ್ನು ಕೇಳಿದೆ. "ಎಂತ ಮಾಡಿದ್ದೆ ಮಾರಾಯ, ಅಷ್ಟು ಹೊತ್ತು?"

"ನಾನೇನೂ ಮಾಡಿಲ್ಲ ಅಂಕಲ್. ಒಂದು ಬೇಸ್ ಕದ್ದೆ ಅಂದೆ. ಎದುರಿನವರ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡುವುದು ಆಟದಲ್ಲಿ ತಪ್ಪಲ್ಲ ಅಂತ ಫಾದರಿಗೆ ಅರ್ಥ ಮಾಡಿಸುವಷ್ಟರಲ್ಲಿ ಇಷ್ಟು ಹೊತ್ತಾಯ್ತು."

ಸತ್ತವರ ತಿಂಗಳು

ನವೆಂಬರ್ ನಮಗೆ ಸತ್ತವರ ತಿಂಗಳು. ಲೋಕದ ಕೊನೆಯ ದಿನ ಸತ್ತವರೆಲ್ಲ ಎದ್ದು ಬರುತ್ತಾರೆ ಅಂತ ನಮ್ಮ ನಂಬಿಕೆ. ಗುರ್ಕಾರ ವಾರ್ಡಿನಲ್ಲಿ ತೀರಿಕೊಂಡವರ ಹೆಸರು ಬರೆದು ಕೊಡಬೇಕು. ಫಾದರ್ ಪೂಜೆಯಲ್ಲಿ ಓದಿ ಪ್ರಾರ್ಥಿಸುತ್ತಾರೆ. ನಮ್ಮ ವಾರ್ಡಿನದ್ದು ಒಂಬತ್ತು ಹೆಸರು. ನಾಲ್ಕನೆಯದು ನನ್ನ ಹೆಂಡತಿಯದ್ದು.

ಅದೇ ಶುಕ್ರವಾರ ಮ್ಯಾಚು. ಅಂಪೈರಿಗೂ ಒಂದು ಚೀಟಿ ಕೊಡಬೇಕು, ಬ್ಯಾಟಿಂಗಿಗೆ ಬರುವವರ ಹೆಸರು ಬರೆದು. ಅದೂ ಒಂಬತ್ತು. ನಾನು ಏಳನೇ ಕ್ಲಾಸು. ಬರೆಯುವುದೇ ಕಷ್ಟ. ಎರಡನ್ನೂ ಒಂದೇ ಸಲ ಕೂತು ಬರೆದೆ, ಮಡಚಿದೆ, ಒಂದೇ ಜೇಬಿಗೆ ಹಾಕಿದೆ. ನಮ್ಮಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಚೀಟಿ ನೋಡಿದರೆ ಸತ್ತವರು ಯಾರು, ಆಡುವವರು ಯಾರು ಅಂತ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಫಾದರಿಗೆ ಒಂದು ಚೀಟಿ ಕೊಟ್ಟೆ. ಅವರು ಆ ವಾರವಷ್ಟೇ ಬಂದ ಹೊಸಬರು, ಯಾರ ಪರಿಚಯವೂ ಇಲ್ಲ. ಮಕ್ಕಳದ್ದು ಗುರುವಾರ ಸಂಜೆಯೇ ಪೂಜೆ ಆಗಿತ್ತು. ಅವರನ್ನು ಬಸ್ಸಿಗೆ ಹತ್ತಿಸಿದೆ. ಎಂಟೇ ಜನ.

ಒಂಬತ್ತನೆಯವನ ತಾಯಿ ಫೋನಿನಲ್ಲಿ ಹೇಳಿದಳು. "ಗಣಿತದಲ್ಲಿ ಮಾರ್ಕು ನೋಡಿದ್ದೀರಾ ಗುರ್ಕಾರರೇ? ಅವನಿಗೆ ಬೇಸ್‌ಬಾಲ್ ಮಾಫಿ, ಇಲ್ಲವೇ ಇಲ್ಲ. ನನ್ನ ಜೊತೆ ಪೂಜೆಗೆ ಬಂದು ಮನೆಗೆ ಹೋಗಿ ಓದುತ್ತಾನೆ."

ಬೇಡಿಕೊಂಡೆ. ಫೋನು ಇಟ್ಟಳು.

ಮೈದಾನಕ್ಕೆ ಬಂದೆ. ಅಂಪೈರಿಗೆ ಇನ್ನೊಂದು ಚೀಟಿ ಕೊಟ್ಟೆ. ಅವನು ಓದದೆ ಜೇಬಿಗೆ ಹಾಕಿಕೊಂಡ. "ಒಂಬತ್ತು ಗಂಟೆಗೆ ತಲೆ ಎಣಿಸುತ್ತೇನೆ," ಅಂದ. ಗೊತ್ತಿತ್ತು. ಮೂರನೇ ಸಲ. ಹೆಂಡತಿಗೆ ಮನಸ್ಸಿನಲ್ಲೇ ತಪ್ಪಾಯಿತು ಅಂದೆ.

ಆಗ ಫೋನು ಶುರುವಾಯಿತು.

"ಗುರ್ಕಾರರೇ, ನನ್ನ ಮಗ ಇದ್ದಾನಾ?"

"ಇದ್ದಾನೆ. ಸೆಕೆಂಡ್ ಬೇಸಿನಲ್ಲಿ."

"ಜೀವ ಉಂಟಾ?"

"ಬಾಳೆಹಣ್ಣು ತಿನ್ನುತ್ತಿದ್ದಾನೆ."

ಇಡುವಷ್ಟರಲ್ಲಿ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ಬಸ್ಸು ಎಲ್ಲಿ ಮಗುಚಿತು ಅಂತ ಕೇಳುತ್ತಾಳೆ! ಕೊನೆಗೆ ತಿಳಿಯಿತು. ಫಾದರ್ ನಮ್ಮ ಇಡೀ ಟೀಮಿನ ಹೆಸರು ಓದಿ, ಇವರ ಆತ್ಮಕ್ಕೆ ನಿತ್ಯ ಶಾಂತಿ ಸಿಗಲಿ ಅಂದಿದ್ದರು. ಇಡೀ ಚರ್ಚು ಎದ್ದು ನಿಂತು ಆಮೆನ್ ಹೇಳಿತ್ತು.

ಒಂಬತ್ತಕ್ಕೆ ಮೂರು ನಿಮಿಷ ಇರುವಾಗ ಕಾರೊಂದು ಧೂಳೆಬ್ಬಿಸಿ ಬಂತು. ಒಂಬತ್ತನೆಯವನ ತಾಯಿ. ಮಗನ ರಟ್ಟೆ ಹಿಡಿದು ಎಳೆದು ತಂದಳು.

"ಪಕ್ಕದಲ್ಲಿ ಕೂತ ಮಗನಿಗೆ ಮೋಕ್ಷ ಕೊಡಿಸಿದ್ರಲ್ಲ ಮಾರಾಯ್ರೇ! ಜನ ಬಂದು ನನ್ನ ಕೈ ಹಿಡಿದು ಅಳ್ತಾರೆ. ಇವನು ಬದುಕಿದ್ದಾನೆ ಅಂತ ಊರಿಗೆಲ್ಲ ಕಾಣಬೇಕು. ಹೋಗೋ, ಓಡು! ಓಡಿ ತೋರಿಸು!"

ಹುಡುಗ ಒಂದೇ ಓಟಕ್ಕೆ ಸಾಲಿಗೆ ಸೇರಿದ. ಅಂಪೈರು ಎಣಿಸಿದ. ಒಂಬತ್ತು. ಟೀಮು ಉಳಿಯಿತು. ನಾನು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡೆ.

ಅಂಪೈರು ಚೀಟಿ ಬಿಡಿಸಿ ಮೊದಲನೇ ಹೆಸರು ಕೂಗಿದ. ಯಾರೂ ಬರಲಿಲ್ಲ. ಎರಡನೆಯದು ಕೂಗಿದ. ಮೂರನೆಯದು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕನೆಯ ಹೆಸರನ್ನು, ನನ್ನವಳದ್ದನ್ನು, ಗಟ್ಟಿಯಾಗಿ ಕೂಗಿದ. ನಾಲ್ಕನೇ ಜಾಗ ಟೀಮಿನಲ್ಲಿ ಎಲ್ಲರಿಗಿಂತ ಗಟ್ಟಿಗರಿಗೆ ಕೊಡುವುದು. ಅದೊಂದು ಸರಿಯಾಗಿತ್ತು.

"ಕೋಚ್, ಇದರಲ್ಲಿ ಇರುವವರು ಯಾರೂ ಬಂದಿಲ್ಲವಾ?"

"ಇಲ್ಲ."

"ಯಾವಾಗ ಬರುತ್ತಾರೆ?"

ನಾನು ಗುರ್ಕಾರ. ಈ ವಿಷಯದಲ್ಲಿ ಸುಳ್ಳು ಹೇಳುವ ಹಾಗಿಲ್ಲ.

"ಕೊನೆಯ ದಿನ," ಅಂದೆ. "ಎಲ್ಲರೂ ಒಟ್ಟಿಗೇ ಎದ್ದು ಬರುತ್ತಾರೆ."

ಅವನು ಗಡಿಯಾರ ನೋಡಿದ.

"ಐದು ನಿಮಿಷ ಕಾಯುತ್ತೇನೆ," ಅಂದ.